ಯಾವ ಕೊಳಲು ತರಬೇಕು? ಘಟ್ಟ ಮತ್ತು ಕರಾವಳಿಯವರಿಗೆ ಒಂದು ಹೋಲಿಕೆ

ಶಿರಸಿಯ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಗೊಂಚಲು ಕಟ್ಟಿ ಮಾರುವ ಬಿದಿರಿನ ಕೋಲು, ಶಾಲೆಯ ಮಕ್ಕಳ ಕೈಯಲ್ಲಿರುವ ಪ್ಲಾಸ್ಟಿಕ್ ರೆಕಾರ್ಡರ್, ಕಛೇರಿಯಲ್ಲಿ ನುಡಿಯುವ ಎಂಟು ತೂತಿನ ಕೊಳಲು, ಹಿಂದೂಸ್ತಾನಿಯ ಎರಡೂವರೆ ಅಡಿ ಬಾನ್ಸುರಿ, ಬ್ಯಾಂಡಿನವರ ಬೆಳ್ಳಿಬಣ್ಣದ ವಾದ್ಯ. ಇವೆಲ್ಲವನ್ನೂ ಅಂಗಡಿಯವರು ಫ್ಲೂಟ್ ಎಂದೇ ಕರೆಯುತ್ತಾರೆ. ಆನ್‌ಲೈನಿನಲ್ಲಿ ಬರೇ ಅದೊಂದು ಪದ ಹಾಕಿ ಹುಡುಕಿದರೆ ಉದ್ದ ಕಾಲಿನ ಗಾಜಿನ ಲೋಟಗಳೂ ನಡುನಡುವೆ ಬಂದು ಕೂರುತ್ತವೆ. ಆದರೆ ಒಂದು ವಾದ್ಯಕ್ಕೆ ಪಳಗಿದ ಬೆರಳು ಇನ್ನೊಂದಕ್ಕೆ ಹಾಗೇ ಒಗ್ಗುವುದಿಲ್ಲ. ತಪ್ಪು ವಾದ್ಯ ತಂದವರು ಹೆಚ್ಚಾಗಿ ಎರಡನೇ ತಿಂಗಳಿಗೆ ಅದನ್ನು ಅಟ್ಟಕ್ಕೆ ಸೇರಿಸುತ್ತಾರೆ. ತಮಗೆ ಉಸಿರು ಸಾಲದು, ಬೆರಳು ಬಾರದು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ದೋಷ ಇರುವುದು ಕೋಲಿನಲ್ಲಿ.

ಆಯ್ಕೆಗೆ ಒಂದು ಕ್ರಮ ಇದೆ. ಮೊದಲು ಕಲಿಸುವವರು ಯಾರು ಎಂದು ಗೊತ್ತುಮಾಡಿಕೊಳ್ಳಿ. ಆಮೇಲೆ ಶ್ರುತಿ, ಆಮೇಲೆ ನಿಮ್ಮ ಕೈಯ ಅಳತೆ. ಬಿದಿರೋ ಪಿವಿಸಿ ಪೈಪೋ ಲೋಹವೋ ಎಂಬ ಪ್ರಶ್ನೆ ಕೊನೆಯದು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಚೆಂದ ಕಂಡ ಕೊಳಲು ಕೊಂಡು, ಅದನ್ನು ಕಲಿಸುವ ಮಾಸ್ತರನ್ನು ಆಮೇಲೆ ಹುಡುಕುತ್ತಾರೆ.

ಬಾನ್ಸುರಿಯೋ, ಎಂಟು ತೂತಿನ ಕೊಳಲೋ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಿಂದೂಸ್ತಾನಿಯ ಬೇರು ಆಳಕ್ಕೆ ಇಳಿದಿದೆ. ಧಾರವಾಡ ಹತ್ತಿರ, ಗಾಯನದ ಬೈಠಕ್ಕುಗಳು ಶಿರಸಿ, ಹೊನ್ನಾವರದ ಕಡೆ ಹೊಸತಲ್ಲ. ಹಾಗಾಗಿ ಇಲ್ಲಿನ ಬಹುಪಾಲು ಜನರಿಗೆ ಸಹಜವಾಗಿ ಸಿಗುವ ಹಾದಿ ಬಾನ್ಸುರಿ. ನಿಮ್ಮ ಊರಿನಲ್ಲಿ ಕರ್ನಾಟಕ ಸಂಗೀತದ ಗುರುಗಳಿದ್ದರೆ, ಅಥವಾ ಮನೆಯಲ್ಲಿ ಈಗಾಗಲೇ ವರ್ಣ, ಕೃತಿ ಹಾಡುವವರಿದ್ದರೆ, ಎಂಟು ತೂತಿನದೇ ಸರಿ.

ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಷಡ್ಜ, ಅಂದರೆ ಸಾ, ಕೂರುವ ಜಾಗದಲ್ಲಿ. ಬಾನ್ಸುರಿಯಲ್ಲಿ ಮೇಲಿನ ಮೂರು ತೂತು ಮುಚ್ಚಿದರೆ ಸಾ. ಎರಡು ಮುಚ್ಚಿದರೆ ರೇ, ಒಂದು ಮುಚ್ಚಿದರೆ ಗ, ಆ ಒಂದನ್ನೇ ಅರ್ಧ ತೆರೆದರೆ ಶುದ್ಧ ಮಧ್ಯಮ, ಪೂರ್ತಿ ತೆರೆದರೆ ತೀವ್ರ ಮಧ್ಯಮ. ಕೆಳಗೆ ಇಳಿಯುತ್ತ ನಾಲ್ಕು ಮುಚ್ಚಿದರೆ ಮಂದ್ರದ (ಕೆಳಗಿನ ಸಪ್ತಕದ) ನಿ, ಐದಕ್ಕೆ ಧ, ಆರಕ್ಕೆ ಪ. ಕರ್ನಾಟಕ ಪದ್ಧತಿಯ ಕೊಳಲಿನಲ್ಲಿ ಮೇಲಿನ ಎರಡೇ ತೂತು ಮುಚ್ಚಿದಾಗ ಷಡ್ಜ. ಎಲ್ಲ ತೆರೆದರೆ ಅಂತರ ಗಾಂಧಾರ. ಅಂದರೆ ಬಾನ್ಸುರಿ ಹಿಡಿದು ಕರ್ನಾಟಕ ಪದ್ಧತಿಯ ಪಾಠ ಊದಿದರೆ ಎಲ್ಲವೂ ಒಂದು ಪೂರ್ಣ ಸ್ವರ ಮೇಲೇರಿ ಕೇಳುತ್ತದೆ. ಶ್ರುತಿ ಪೆಟ್ಟಿಗೆಗೆ ಎಂದೂ ಕೂಡುವುದಿಲ್ಲ. ಮೊಬೈಲಿನಲ್ಲಿ ಒಬ್ಬರ ಪಾಠ, ಕೈಯಲ್ಲಿ ಇನ್ನೊಂದು ಪದ್ಧತಿಯ ಕೊಳಲು ಇಟ್ಟುಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು ವ್ಯತ್ಯಾಸ ನಾದದ್ದು. ಕರ್ನಾಟಕ ಸಂಗೀತದ ಕೊಳಲು ಗಿಡ್ಡ, ಅದರ ನಾದ ಚುರುಕು. ಬೆರಳು ತೂತಿನ ಮೇಲೆ ಅಲುಗಿ ಗಮಕ (ಸ್ವರದ ಬಳುಕು) ಹುಟ್ಟಬೇಕು, ಅದಕ್ಕೆ ಸಣ್ಣ ಅಂತರವೇ ಅನುಕೂಲ. ಕುಂಭಕೋಣದ ಶರಭ ಶಾಸ್ತ್ರಿಗಳು (1872–1904) ಕೊಳಲನ್ನು ಕಛೇರಿಯ ಮುಖ್ಯ ವಾದ್ಯವಾಗಿ ನಿಲ್ಲಿಸಿದರು. ಮಾಲಿ ಎಂದೇ ಹೆಸರಾದ ಟಿ. ಆರ್. ಮಹಾಲಿಂಗಂ (1926–1986) ಬೆರಳುಗಾರಿಕೆಯನ್ನೂ ಉಸಿರಿನ ಹದವನ್ನೂ ಬದಲಿಸಿ, ಹಾಡುವ ಗಂಟಲಿನ ಗಮಕವನ್ನು ಬಿದಿರಿಗೆ ತಂದರು. ಆ ಕಡೆ ಪನ್ನಾಲಾಲ್ ಘೋಷ್ (1911–1960) ಬಾನ್ಸುರಿಯನ್ನು 32 ಇಂಚಿನ ತನಕ ಉದ್ದ ಮಾಡಿ, ಮಂದ್ರದ ತೀವ್ರ ಮಧ್ಯಮಕ್ಕಾಗಿ ಏಳನೇ ತೂತು ಸೇರಿಸಿದರು. ನಿಧಾನಗತಿಯ ವಿಳಂಬಿತ್ ಖಯಾಲಿನ ಗಾಂಭೀರ್ಯ, ಎಳೆದು ಜಾರುವ ಮೀಂಡ್ ಬೇಕಾದರೆ ಆ ಉದ್ದ ಬೇಕೇ ಬೇಕು. ಆದರೆ ಕಲಿಯುವ ಮೊದಲ ದಿನವೇ ಬೇಕೆಂದಿಲ್ಲ.

ಶ್ರುತಿ: ಹೆಚ್ಚು ದುಡ್ಡು ಹಾಳಾಗುವ ಜಾಗ

ಕೊಳಲಿಗೆ ಶ್ರುತಿ ಏರಿಸುವ ಕಿವಿ ಇಲ್ಲ. ಊದುವ ತೂತನ್ನು ತುಟಿಯತ್ತ ಹೊರಳಿಸಿದರೆ ತುಸು ಇಳಿಯುತ್ತದೆ, ಆಚೆ ಹೊರಳಿಸಿದರೆ ತುಸು ಏರುತ್ತದೆ, ಅಷ್ಟೇ. ಕೊಂಡ ಶ್ರುತಿಯಲ್ಲೇ ಬಾಳಬೇಕು. ಹಾಗಾಗಿ ಅಕ್ಷರಗಳ ಲೆಕ್ಕ ಮೊದಲೇ ತಿಳಿದಿರಲಿ.

ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಒಂದು ಎಂದರೆ ಸಿ, ಬಿಳಿ ಎರಡು ಡಿ, ಬಿಳಿ ಮೂರು ಇ, ಬಿಳಿ ಐದು ಜಿ. ಕರಿ ಒಂದು ಸಿ ಶಾರ್ಪ್, ಕರಿ ನಾಲ್ಕು ಜಿ ಶಾರ್ಪ್, ಕರಿ ಐದು ಎ ಶಾರ್ಪ್. ಕರ್ನಾಟಕ ಪದ್ಧತಿಯವರು ಇದನ್ನೇ ಮನೆ ಲೆಕ್ಕದಲ್ಲಿ ಹೇಳುತ್ತಾರೆ: ಒಂದು ಮನೆ ಸಿ, ಒಂದೂವರೆ ಸಿ ಶಾರ್ಪ್, ಎರಡು ಡಿ, ಐದು ಜಿ, ಐದೂವರೆ ಜಿ ಶಾರ್ಪ್. ಭಜನೆಗೋ ಸುಗಮ ಸಂಗೀತಕ್ಕೋ ಸಾಥ್ ಕೊಡುವ ಆಸೆ ಇದ್ದರೆ, ಹಾಡುವವರ ಶ್ರುತಿ ಕೇಳಿ ಬರೆದಿಟ್ಟುಕೊಂಡೇ ಅಂಗಡಿಗೆ ಹೋಗಿ.

ಈಗ ಗೊಂದಲದ ಮೂಲ. ಬಾನ್ಸುರಿ ಮಾಡುವವರು ಕೊಳಲಿನ ಮೇಲೆ ಸಿ ಎಂದು ಬರೆದರೆ, ಮೂರು ತೂತು ಮುಚ್ಚಿದಾಗ ಸಿ ನುಡಿಯುತ್ತದೆ ಎಂದರ್ಥ. ಆರೂ ಮುಚ್ಚಿದರೆ ಅದೇ ಕೊಳಲಿನಲ್ಲಿ ಜಿ ಬರುತ್ತದೆ. ಐರಿಶ್ ಬಗೆಯ ಆರು ತೂತಿನ ಕೊಳಲು ಮಾಡುವವರು, ಕೆಲವು ಪೈಪಿನ ಕೊಳಲಿನವರು, ಎಲ್ಲ ಮುಚ್ಚಿದಾಗ ಬರುವ ಸ್ವರದ ಹೆಸರು ಇಡುತ್ತಾರೆ. ಅವರು ಡಿ ಎಂದು ಕರೆಯುವುದು ನಮ್ಮವರ ಜಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಮೂರು ತೂತು ಮುಚ್ಚಿದಾಗ ಯಾವ ಸ್ವರ?’ ಇದಕ್ಕೆ ತಡವರಿಸುವ ಮಾರಾಟಗಾರನಿಂದ ತರಿಸಬೇಡಿ.

ಅಕ್ಷರದ ಜೊತೆ ಸ್ಥಾಯಿಯ ಹೆಸರೂ ಬೇಕು. ಇ ಬೇಸ್ ಎಂದರೆ ಸುಮಾರು 30 ಇಂಚು. ಬೇಸ್ ಎಂಬ ಪದ ಬಿಟ್ಟು ಬರೇ ಇ ಎಂದು ತರಿಸಿದರೆ 15 ಇಂಚಿನ ಮರಿ ಬಂದೀತು, ಒಂದು ಸಪ್ತಕ ಮೇಲಿನದು. ಸಿ ಮೀಡಿಯಂ ಸುಮಾರು 19 ಇಂಚು. ಜಿ ಮೀಡಿಯಂ ಒಂದಡಿಗಿಂತ ತುಸು ಹೆಚ್ಚು. ಕರ್ನಾಟಕ ಪದ್ಧತಿಯ ಐದು ಮನೆಯ ಕೊಳಲು ಒಂದೂಕಾಲು ಅಡಿಯ ಆಸುಪಾಸು.

ಕೈಯ ಅಳತೆ ಹೀಗೆ ನೋಡಿ. ಇ ಬೇಸಿನಲ್ಲಿ ತೂತಿನ ನಡುವಿನಿಂದ ನಡುವಿಗೆ ಸುಮಾರು ಒಂದೂವರೆ ಇಂಚು ಅಂತರ, ಸಿ ಮೀಡಿಯಂನಲ್ಲಿ ಒಂದು ಇಂಚು. ತೂತು ಮುಚ್ಚುವುದು ಬೆರಳ ತುದಿಯಿಂದ ಅಲ್ಲ, ತುದಿಯ ಕೆಳಗಿನ ಮೆತ್ತನೆ ಭಾಗದಿಂದ. ಉದ್ದ ಕೊಳಲಿನಲ್ಲಿ ಬೆರಳು ನೆಟ್ಟಗೆ ಚಾಚಿ ನಡುಗೆಣ್ಣಿನ ಹತ್ತಿರದ ಭಾಗ ಕೂಡ ಬಳಸುತ್ತಾರೆ. ಎಡಗೈಯ ಉಂಗುರ ಬೆರಳು ಮೂರನೇ ತೂತಿಗೆ, ಬಲಗೈಯ ಉಂಗುರ ಬೆರಳು ಆರನೆಯದಕ್ಕೆ ಸೆಳೆತವಿಲ್ಲದೆ ತಲುಪಬೇಕು. ಎಂಟು ಹತ್ತು ವರ್ಷದ ಮಕ್ಕಳಿಗೆ ಜಿ ಅಥವಾ ಎ ಮೀಡಿಯಂ, ದೊಡ್ಡ ಮಕ್ಕಳಿಗೂ ಹೊಸದಾಗಿ ಕಲಿಯುವ ಹಿರಿಯರಿಗೂ ಸಿ ಮೀಡಿಯಂ ಸೂಕ್ತ. ಕೆಲವು ಗುರುಗಳು ಹಿರಿಯರನ್ನು ನೇರವಾಗಿ ಇ ಬೇಸಿಗೆ ಕೂರಿಸುತ್ತಾರೆ. ಅವರ ಎದುರು ಕೂತು ಕಲಿಯುವುದಾದರೆ ಅವರ ಮಾತೇ ಮೇಲು. ಮನೆಯಲ್ಲಿ ಒಬ್ಬರೇ ಕಲಿಯುವುದಾದರೆ ಮಾತ್ರ ಇ ಬೇಸಿನಿಂದ ಶುರು ಮಾಡಬೇಡಿ. ಉಂಗುರ ಬೆರಳಿನ ಸೋರಿಕೆ ಯಾವುದು, ಉಸಿರಿನ ತಪ್ಪು ಯಾವುದು ಎಂದು ಬೇರ್ಪಡಿಸಿ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ.

ಎಡಗೈಯವರಿಗೆ ಒಂದು ಮಾತು. ಆರು ತೂತಿನ ಬಾನ್ಸುರಿಯ ತೂತುಗಳು ಒಂದೇ ಗೆರೆಯಲ್ಲಿರುವುದರಿಂದ ಎಡಕ್ಕೂ ಹಿಡಿಯಬಹುದು. ಏಳನೇ ತೂತು ಗೆರೆ ಬಿಟ್ಟು ಪಕ್ಕಕ್ಕಿದ್ದರೆ ಆಗದು, ಹೇಳಿ ಮಾಡಿಸಬೇಕು. ಪಾಶ್ಚಾತ್ಯ ಫ್ಲೂಟನ್ನು ಎಡಕ್ಕೆ ಹಿಡಿಯಲು ಬರುವುದೇ ಇಲ್ಲ.

ರೆಕಾರ್ಡರ್ ಮತ್ತು ಪಾಶ್ಚಾತ್ಯ ಫ್ಲೂಟ್

ರೆಕಾರ್ಡರಿನಲ್ಲಿ ತುಟಿಯ ಕೆಲಸ ಇಲ್ಲ. ಬಾಯಲ್ಲಿಟ್ಟು ಊದಿದರೆ ಸೀಳುಗಂಡಿಯೇ ಗಾಳಿಯನ್ನು ಅಂಚಿಗೆ ಒಯ್ಯುತ್ತದೆ. ಮೊದಲ ದಿನವೇ ಸ್ವರ ಬರುವುದರಿಂದ ಸಣ್ಣ ಮಕ್ಕಳಿಗೆ ಹುರುಪು. ಆದರೆ ಅದರಿಂದ ಬಾನ್ಸುರಿಯ ತುಟಿ ಪಳಗುವುದಿಲ್ಲ, ಅದು ಬೇರೆಯೇ ಕಲಿಕೆ. ಶಾಲೆಗೆ ತರಿಸುವಾಗ ಬರೋಕ್ ಬೆರಳುಗಾರಿಕೆಯದೋ ಜರ್ಮನ್ ಬೆರಳುಗಾರಿಕೆಯದೋ ಎಂದು ಕೇಳಿ. ಹೆಚ್ಚಿನವುಗಳ ಹಿಂಬದಿಯಲ್ಲಿ ಬಿ ಅಥವಾ ಜಿ ಅಕ್ಷರ ಇರುತ್ತದೆ. ಜರ್ಮನ್ನಿನಲ್ಲಿ ಎಫ್ ಸುಲಭ, ಎಫ್ ಶಾರ್ಪ್ ಅಪಸ್ವರ. ಬರೋಕನ್ನೇ ಕೊಳ್ಳಿ.

ಪಾಶ್ಚಾತ್ಯ ಫ್ಲೂಟಿನ ಇಂದಿನ ರೂಪ ಜರ್ಮನಿಯ ಥಿಯೊಬಾಲ್ಡ್ ಬೋಮ್ 1847ರಲ್ಲಿ ಕಟ್ಟಿದ್ದು. ತಲೆ, ನಡು, ಕಾಲು ಎಂದು ಮೂರು ತುಂಡು, ಕೂಡಿಸಿದರೆ ಸುಮಾರು 67 ಸೆಂಟಿಮೀಟರ್, ಒಳವ್ಯಾಸ 19 ಮಿಲಿಮೀಟರ್. ಹನ್ನೆರಡೂ ಸ್ವರಕ್ಕೆ ಕೀಲಿ ಇದೆ, ಮೂರು ಸಪ್ತಕ ಸಲೀಸು. ತಲೆಯ ತುಂಡನ್ನು ತುಸು ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ಈ ಸೌಲಭ್ಯ ಬಿದಿರಿಗಿಲ್ಲ. ಆದರೆ ತೂತನ್ನು ಬೆರಳು ಮುಟ್ಟದೆ ಮುಚ್ಚಳ ಮುಚ್ಚುವುದರಿಂದ ಮೀಂಡ್ ಜಾರಿಸಲು ದಾರಿ ಇಲ್ಲ. ರಾಗ ನುಡಿಸುವ ಮನಸ್ಸಿದ್ದವರಿಗೆ ಇದು ಬೇಡ. ಚರ್ಚಿನ ವಾದ್ಯವೃಂದ, ಬ್ಯಾಂಡು, ಪಾಶ್ಚಾತ್ಯ ಪರೀಕ್ಷೆಗಳಿಗೆ ಇದೇ ಬೇಕು.

ಕಾರವಾರದಂಥ ಕಡಲ ಊರಿನಲ್ಲಿ ಇದರ ಆರೈಕೆ ಕಷ್ಟ. ಮುಚ್ಚಳದ ಒಳಗಿನ ಪ್ಯಾಡು ಫೆಲ್ಟಿನದು, ಮೇಲೊಂದು ತೆಳು ಪೊರೆ. ಮಳೆಗಾಲದಲ್ಲಿ ಅದು ಉಬ್ಬಿ ತೂತಿಗೆ ಅಂಟುತ್ತದೆ, ಅಥವಾ ಒಂದು ಬದಿ ಎದ್ದು ಗಾಳಿ ಬಿಡುತ್ತದೆ. ಉಪ್ಪುಗಾಳಿಗೆ ಸಣ್ಣ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ನುಡಿಸಿದ ಮೇಲೆ ಪ್ರತಿ ಸಲ ಕಡ್ಡಿಗೆ ಬಟ್ಟೆ ಸುತ್ತಿ ಒಳಗೆಲ್ಲ ಒರೆಸಲೇಬೇಕು. ಆ ಕಡ್ಡಿಯ ತುದಿಯಲ್ಲಿ ಒಂದು ಗೀರು ಇರುತ್ತದೆ. ತಲೆಯ ತುಂಡಿನೊಳಗೆ ತೂರಿಸಿದಾಗ ಆ ಗೀರು ಊದುವ ತೂತಿನ ಸರಿ ನಡುವೆ ಕಾಣಬೇಕು. ಅಂದರೆ ತಲೆಯ ಕೊನೆ ಮುಚ್ಚುವ ಬಿರಡೆ ಆ ತೂತಿನ ನಡುವಿನಿಂದ 17 ಮಿಲಿಮೀಟರ್ ದೂರದಲ್ಲಿದೆ ಎಂದರ್ಥ. ಅದು ಸರಿದಿದ್ದರೆ ಸಪ್ತಕಗಳು ಒಂದಕ್ಕೊಂದು ಕೂಡುವುದಿಲ್ಲ. ರಿಪೇರಿ ಮಾಡುವವರು ಹತ್ತಿರ ಯಾರಿದ್ದಾರೆ, ಗಡಿಯಾಚೆ ಗೋವಾದಲ್ಲಿ ಸಿಗುತ್ತಾರೋ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ಬಿದಿರೋ, ಪೈಪೋ

ನಮ್ಮ ಕಾಡಿನ ತುಂಬ ಬಿದಿರಿದ್ದೂ ಒಳ್ಳೆಯ ಬಾನ್ಸುರಿಗೆ ಅಸ್ಸಾಮಿನ ಬಿದಿರು ಬರುವುದೇಕೆ ಎಂಬ ಪ್ರಶ್ನೆ ಸಹಜ. ಕೊಳಲಿನ ಒಳಗೆ ಗೆಣ್ಣು ಇರಬಾರದು. ಇ ಬೇಸಿಗೆ ಎರಡೂವರೆ ಅಡಿ ಉದ್ದಕ್ಕೂ ಗೆಣ್ಣಿಲ್ಲದ, ತೆಳು ಗೋಡೆಯ ಕೋಲು ಬೇಕು. ನಮ್ಮ ಹೆಬ್ಬಿದಿರಿನ ಗೆಣ್ಣಿನ ಅಂತರ ಅಷ್ಟಿಲ್ಲ, ಗೋಡೆಯೂ ದಪ್ಪ. ಗೋಡೆ ಎರಡೂವರೆಯಿಂದ ನಾಲ್ಕು ಮಿಲಿಮೀಟರ್ ಇದ್ದರೆ ಹದ. ಅದಕ್ಕಿಂತ ದಪ್ಪವಾದರೆ ಊದಿದ್ದಕ್ಕೆ ಓಗೊಡದು, ತೆಳುವಾದರೆ ನಾದದಲ್ಲಿ ಗಾಳಿ ಹೆಚ್ಚು, ಬೇಗ ಸೀಳುತ್ತದೆ.

ಪಿವಿಸಿ ಪೈಪಿನ ಕೊಳಲನ್ನು ಹಳಬರು ಮೂಗು ಮುರಿದು ನೋಡುತ್ತಾರೆ. ಆದರೂ ಕುಮಟಾ, ಅಂಕೋಲಾ, ಕಾರವಾರದ ಕಡೆ ಮೊದಲ ವರ್ಷಕ್ಕೆ ಅದು ತಕ್ಕ ಆಯ್ಕೆ. ಉಬ್ಬದು, ಸೀಳದು, ಕುಟ್ಟೆ ಹಿಡಿಯದು, ಬೂಷ್ಟು ಬಂದರೆ ಸಾಬೂನು ನೀರಿನಲ್ಲಿ ತೊಳೆದರಾಯಿತು. ಅಳತೆ ತಿಳಿದವರು ಮಾಡಿದ್ದಾದರೆ ಜಾತ್ರೆಯ ಬಿದಿರಿಗಿಂತ ಎಷ್ಟೋ ಪಾಲು ಶ್ರುತಿಬದ್ಧ. ಜಾತ್ರೆಯಲ್ಲಿ ಮಾರುವವರು ಪ್ರತಿ ಕೋಲಿನ ಒಳವ್ಯಾಸ ನೋಡದೆ ಒಂದೇ ಅಳತೆಪಟ್ಟಿಯಲ್ಲಿ ತೂತು ಸುಡುತ್ತಾರೆ. ಬಿದಿರಿನ ಒಳವ್ಯಾಸ ಕೋಲಿನಿಂದ ಕೋಲಿಗೆ ಬೇರೆ, ಹಾಗಾಗಿ ಸ್ವರ ಕೂಡುವುದು ಅದೃಷ್ಟದ ಮಾತು. ಪೈಪಿನ ಕೊರತೆ ನಾದದಲ್ಲಿದೆ. ಮಂದ್ರದಲ್ಲಿ ಬಿದಿರಿನ ಮಾಧುರ್ಯ ಬರುವುದಿಲ್ಲ. ತುಟಿ ಪಳಗಿ, ಆರೂ ತೂತು ಮುಚ್ಚಿ ಮಂದ್ರ ಪಂಚಮ ನಿಲ್ಲಿಸಲು ಬಂದ ಮೇಲೆ ಬಿದಿರಿಗೆ ಹೋಗಿ.

ಅಂಗಡಿಯಲ್ಲಿ ಪರೀಕ್ಷೆ

ಕೊಳಲನ್ನು ಬೆಳಕಿಗೆ ಹಿಡಿದು ತೆರೆದ ತುದಿಯಿಂದ ಒಳಗೆ ನೋಡಿ. ಕೋಲು ನೆಟ್ಟಗಿರಬೇಕು, ಒಳಗೆ ನಾರು, ಪೊರೆ ಇರಬಾರದು. ಆಮೇಲೆ ಊದುವ ತೂತಿನ ಆಚೆಯ ಅಂಚಿನ ಮೇಲೆ ಉಗುರು ಆಡಿಸಿ. ಕೊಳಲಿನ ಜೀವ ಇರುವುದು ಆ ಅಂಚಿನಲ್ಲಿ. ಗಾಳಿ ಅಲ್ಲಿಗೆ ಬಡಿದು ಎರಡಾಗಿ ಸೀಳಿದಾಗಲೇ ನಾದ. ಅಂಚು ಚೊಕ್ಕವಾಗಿ, ಚೂಪಾಗಿ ಇರಬೇಕು. ಸುಟ್ಟ ಕರಿ ಪುಡಿಪುಡಿಯಾಗಿ ಉದುರಿದರೆ, ನಾರು ಎದ್ದಿದ್ದರೆ, ಅಂಚು ದುಂಡಾಗಿ ಸವೆದಿದ್ದರೆ ಆ ಕೊಳಲು ಎಷ್ಟು ಊದಿದರೂ ಹಿಸ್ ಎನ್ನುತ್ತದೆ. ಬೆರಳಿನ ತೂತುಗಳ ಅಂಚು ಇದಕ್ಕೆ ತದ್ವಿರುದ್ಧ. ಅವು ನುಣ್ಣಗೆ ಉಜ್ಜಿದಂತಿರಬೇಕು, ಇಲ್ಲದಿದ್ದರೆ ಬೆರಳು ಪೂರ್ತಿ ಕೂರುವುದಿಲ್ಲ.

ಸೀಳು ಕಣ್ಣಿಗೆ ಕಾಣದೇ ಇರಬಹುದು. ಆರೂ ತೂತು ಬೆರಳಿನಿಂದ ಮುಚ್ಚಿ, ತುದಿಯನ್ನು ಇನ್ನೊಬ್ಬರ ಅಂಗೈಗೆ ಒತ್ತಿಸಿ, ಊದುವ ತೂತಿನಿಂದ ಗಾಳಿ ಹೀರಿ. ತುಟಿ ಒಂದು ಕ್ಷಣ ಅಂಟಿ ನಿಲ್ಲಬೇಕು. ನಿಲ್ಲದಿದ್ದರೆ ಬಿರಡೆಯ ಹತ್ತಿರವೋ ಗೋಡೆಯಲ್ಲೋ ಸೋರಿಕೆ ಇದೆ.

ಶ್ರುತಿ ನೋಡಲು ಮೊಬೈಲಿನ ಟ್ಯೂನರ್ ಸಾಕು, ಎ ಸ್ವರವನ್ನು 440 ಹರ್ಟ್ಸ್‌ಗೆ ಇಟ್ಟುಕೊಳ್ಳಿ. ನಿಮಗೆ ಊದಲು ಬಾರದಿದ್ದರೆ ಬಲ್ಲವರನ್ನು ಕರೆದೊಯ್ಯಿರಿ. ಕೊಳಲು ಎರಡು ನಿಮಿಷ ಉಸಿರಿಗೆ ಬಿಸಿಯಾಗಲಿ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು ಮೂರು ಸೆಂಟ್ ಏರುತ್ತದೆ. (ಪಕ್ಕಪಕ್ಕದ ಎರಡು ಹಾರ್ಮೋನಿಯಂ ಮನೆಗಳ ನಡುವಿನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್.) ಶಿರಸಿಯ ಡಿಸೆಂಬರ್ ಬೆಳಗಿಗೂ ಕಾರವಾರದ ಮೇ ಮಧ್ಯಾಹ್ನಕ್ಕೂ ಕೊಳಲು ಒಂದೇ ಶ್ರುತಿ ತೋರಿಸದು, ಅದಕ್ಕೆ ಮಾಡಿದವರನ್ನು ಬೈಯಬೇಡಿ. ಮೊದಲು ಮಧ್ಯ ಸಪ್ತಕದ ಸಾ, ಆಮೇಲೆ ಅದೇ ಬೆರಳಲ್ಲಿ ತಾರದ (ಮೇಲಿನ ಸಪ್ತಕದ) ಸಾ. ಎರಡರ ನಡುವೆ ಹತ್ತು ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆ ಕೊಳಲು ಕೇಳಿ. ಶುದ್ಧ ಗಾಂಧಾರದಲ್ಲಿ ಟ್ಯೂನರಿನ ಮುಳ್ಳು ಹದಿನಾಲ್ಕು ಸೆಂಟ್ ಕೆಳಗೆ ತೋರಿಸಿದರೆ ಗಾಬರಿಯಾಗಬೇಡಿ. ತಂಬೂರಿಗೆ ಕೂಡುವ ಗಾಂಧಾರ ಇರುವುದೇ ಅಲ್ಲಿ. ಟ್ಯೂನರಿನ ಲೆಕ್ಕ ಹಾರ್ಮೋನಿಯಮ್ಮಿನದು. ಸಾ ಮತ್ತು ಪ ಮಾತ್ರ ಎರಡು ಲೆಕ್ಕಕ್ಕೂ ಒಪ್ಪಬೇಕು.

ಮಂದ್ರ ಪಂಚಮ ಊದಿದಾಗ ಸ್ವರ ತಾನಾಗಿ ಮೇಲಿನ ಸಪ್ತಕಕ್ಕೆ ಹಾರಿದರೆ ಬೇಗ ತೀರ್ಮಾನಕ್ಕೆ ಬರಬೇಡಿ. ಜೋರಾಗಿ ಊದಿದರೂ ಹಾಗಾಗುತ್ತದೆ, ಒಂದು ಬೆರಳು ಕೂದಲೆಳೆಯಷ್ಟು ಎದ್ದಿದ್ದರೂ ಆಗುತ್ತದೆ. ಮೇಲಿನಿಂದ ಒಂದೊಂದೇ ಬೆರಳು ಮುಚ್ಚುತ್ತ ಇಳಿಯಿರಿ. ಯಾವ ಬೆರಳಿಗೆ ನಾದ ಒಡೆಯಿತೋ ಸೋರಿಕೆ ಅಲ್ಲಿ. ಅದು ಹೆಚ್ಚಾಗಿ ಉಂಗುರ ಬೆರಳು.

ಮಳೆಗಾಲ, ಬೇಸಿಗೆ, ಸೀಳು

ಬಿದಿರಿಗೆ ಮಳೆಗಾಲದ ಶತ್ರು ಬೂಷ್ಟು ಮತ್ತು ಕುಟ್ಟೆ. ಜೂನಿನಿಂದ ಸೆಪ್ಟೆಂಬರ್ ತನಕ ನುಡಿಸಿದ ಕೊಳಲನ್ನು ತಕ್ಷಣ ಚೀಲಕ್ಕೆ ತುರುಕಬೇಡಿ. ಒಳಗೆ ಹತ್ತಿಬಟ್ಟೆ ಎಳೆದು ಒರೆಸಿ, ಗಾಳಿಯಾಡುವಲ್ಲಿ ಅರ್ಧ ತಾಸು ಇಟ್ಟು, ಬಟ್ಟೆಯ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ತಳದಲ್ಲಿ ಹಳದಿ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹುಳ ಹೊಕ್ಕಿದೆ. ಬಿದಿರಿನ ಪಿಷ್ಟವೇ ಅದಕ್ಕೆ ಆಹಾರ. ಅಂಥದನ್ನು ಉಳಿದ ಕೊಳಲುಗಳಿಂದ ಆ ದಿನವೇ ಬೇರೆ ಇಡಿ.

ಎಣ್ಣೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಸಾಸಿವೆ ಎಣ್ಣೆಯೇ ರೂಢಿ, ಒಳಗಡೆ ತೆಳುವಾಗಿ ಸವರಿ ಒಂದು ರಾತ್ರಿ ಬಿಟ್ಟು ಒರೆಸಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಘಟ್ಟದ ಮೇಲಿನ ಚಳಿಗೆ ಅದು ಹೆಪ್ಪುಗಟ್ಟಿ ಒಳಗೆ ಕೂರುತ್ತದೆ, ದೂಳು ಅಂಟುತ್ತದೆ.

ಸೀಳು ಬರುವುದು ಮಾತ್ರ ಬೇಸಿಗೆಯಲ್ಲಿ. ಅದರಲ್ಲೂ ಕರಾವಳಿಯ ತೇವಕ್ಕೆ ಒಗ್ಗಿದ ಕೊಳಲನ್ನು ಮಾರ್ಚ್ ತಿಂಗಳಲ್ಲಿ ಹುಬ್ಬಳ್ಳಿ, ಧಾರವಾಡಕ್ಕೆ ಒಯ್ದಾಗ, ಅಥವಾ ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಟ್ಟಾಗ. ಹೊರಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಉಸಿರಿನ ತೇವ. ಈ ಎಳೆದಾಟಕ್ಕೆ ಬಿದಿರು ಉದ್ದಕ್ಕೆ ಬಿರಿಯುತ್ತದೆ. ಕೊಳಲಿನ ಮೈಮೇಲಿನ ದಾರದ ಸುತ್ತು ಅಲಂಕಾರಕ್ಕಲ್ಲ, ಇದನ್ನು ತಡೆಯಲಿಕ್ಕೆ. ಸುತ್ತು ಸಡಿಲಾಗಿದ್ದರೆ ಪಯಣಕ್ಕೆ ಮೊದಲೇ ಬಿಗಿ ಮಾಡಿಸಿ.

ಕೂದಲೆಳೆಯಂಥ ಸೀಳು ತೂತುಗಳನ್ನು ಮುಟ್ಟದಿದ್ದರೆ ಉಳಿಸಿಕೊಳ್ಳಬಹುದು. ಸೀಳಿನ ಎರಡೂ ಕೊನೆಗಿಂತ ಒಂದಿಂಚು ಆಚೆಯಿಂದ ನೈಲಾನ್ ದಾರವನ್ನು ಒತ್ತೊತ್ತಾಗಿ ಬಿಗಿದು ಸುತ್ತಿ, ತೆಳುವಾದ ಫೆವಿಕ್ವಿಕ್ ಬಗೆಯ ಅಂಟನ್ನು ಹನಿಹನಿಯಾಗಿ ದಾರಕ್ಕೆ ಕುಡಿಸಿ. ಪೂರ್ತಿ ಒಣಗಿದ ಮೇಲೆ ಹೀರುವ ಪರೀಕ್ಷೆ ಮತ್ತೊಮ್ಮೆ ಮಾಡಿ. ಸೀಳು ಊದುವ ತೂತಿನ ಮೂಲಕ ಹಾದಿದ್ದರೆ ಈ ಶ್ರಮ ಬೇಡ. ಅಂಟು ಹಾಕಿದರೂ ಅಂಚು ಮೊದಲಿನಂತೆ ಕೂಡುವುದಿಲ್ಲ, ಹೊಸದನ್ನೇ ತರಬೇಕು.